ಮೊದಲು ಸರಿಯುವುದು ನೀರು

ಮೈಕು ಮತ್ತೆ ಕೈ ಬದಲಾಯಿಸಿತು.

"ನೀವೇ ಮಾತಾಡಿ ಸಾರ್. ಮೇಡಂ ನಿಮ್ಮ ವಿಭಾಗದವರು," ಎಂದರು ಆಣ್ವಿಕ ಜೀವಶಾಸ್ತ್ರದ ಮುಖ್ಯಸ್ಥರು.

"ಛೆ ಛೆ, ಮೂಲತಃ ನಿಮ್ಮವರಲ್ವಾ? ನೀವು ಬರ್ಕೊಂಡು ಬಂದಿರ್ತೀರ ಅಂತ ನಾನು ಸುಮ್ನಿದ್ದೆ," ಎಂದರು ರಾಸಾಯನಿಕ ಭೌತಶಾಸ್ತ್ರದ ಮುಖ್ಯಸ್ಥರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಂದು ಸಾಲನ್ನೂ ಯಾರೂ ಬರೆದು ತಂದಿರಲಿಲ್ಲ. ಸಂಸ್ಥೆಯಲ್ಲಿ ಜೀವಶಾಸ್ತ್ರ ಮೇಲಿನ ಮಹಡಿಯಲ್ಲಿತ್ತು, ಹಾಗಾಗಿ ಅದರ ಮುಖ್ಯಸ್ಥರು ಎಲ್ಲರ ಬಾಯಲ್ಲಿ 'ಮೇಲಿನವರು'. ನೆಲಮಾಳಿಗೆಯ ಭೌತಶಾಸ್ತ್ರಜ್ಞರು 'ಕೆಳಗಿನವರು'. ಚಿತಾಗಾರದ ಸಭಾಂಗಣದಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದ ವಿಜ್ಞಾನಿ ಎರಡು ಕಡೆಗೂ ಸೇರಿದವಳು. ಅಂದರೆ ಎಲ್ಲಿಗೂ ಸೇರದವಳು.

ಮುಂದಿನ ಸಾಲಿನಲ್ಲಿದ್ದ ಮಗಳಿಗೆ ಎಲ್ಲವೂ ಕೇಳಿಸುತ್ತಿತ್ತು. ಅವಳಿಗೆ ಕನ್ನಡಕದಂಗಡಿಯಲ್ಲಿ ಕೆಲಸ; ಅಮ್ಮನ ವಿಜ್ಞಾನ ತಲೆಗೆ ಹತ್ತಿದ್ದೇ ಇಲ್ಲ. ಹೊಗಳಿಕೆ ಅವಳಿಗೆ ಬೇಕಿರಲಿಲ್ಲ. ಅಮ್ಮ ಕೊನೆಯಲ್ಲಿ ಹೇಳಿದ್ದು ನಿಜವೋ, ಜ್ವರದ ಬಡಬಡಿಕೆಯೋ, ಅಷ್ಟು ತಿಳಿದರೆ ಸಾಕಿತ್ತು.

"ಇವರಿಗೆ ಗೊತ್ತಿರತ್ತೆ, ಕೇಳು," ಎಂದಳು ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ. "ಎಲ್ಲರೂ ಎದ್ದು ಹೋದ್ಮೇಲೆ ಯಾರನ್ನ ಕೇಳ್ತೀಯ?"

* * *

ಅಮ್ಮ ಕೆಲಸ ಶುರು ಮಾಡಿದ್ದು ಮೇಲಿನ ಮಹಡಿಯಲ್ಲಿ. ಜೀವಕೋಶದೊಳಗೆ ಪ್ರೋಟೀನು ಉದ್ದ ದಾರದ ಹಾಗೆ ಹುಟ್ಟಿ, ತಾನಾಗಿಯೇ ಮಡಿಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಮಡಿಕೆ ತಪ್ಪಿದರೆ ಕಾಯಿಲೆ. ಆಕೆಯ ತಾಯಿ ಅಂಥದೇ ಕಾಯಿಲೆಯಲ್ಲಿ ಎಲ್ಲವನ್ನೂ ಮರೆತು, ಹೆತ್ತ ಮಗಳನ್ನೇ "ಯಾರಮ್ಮ ನೀನು?" ಎಂದು ಕೇಳುತ್ತ ಸತ್ತಿದ್ದಳು. ಮಡಿಕೆ ಎಲ್ಲಿ ತಪ್ಪುತ್ತದೆ ಎಂದು ಕಣ್ಣಾರೆ ನೋಡಬೇಕೆನ್ನುವ ಹಟ ಆಗ ಹುಟ್ಟಿದ್ದು. ಆದರೆ ರೆಪ್ಪೆ ಬಡಿಯುವುದರೊಳಗೆ ಅದು ನೂರಾರು ಸಲ ಆಗಿಹೋಗುವಂಥದ್ದು. ಹಿಡಿಯುವ ಉಪಕರಣ ಜೀವಶಾಸ್ತ್ರದವರ ಬಳಿ ಇರಲಿಲ್ಲ. ಮಗಳು ಶಾಲೆಗೆ ಸೇರಿದ ವರ್ಷವೇ ಆಕೆ ನೆಲಮಾಳಿಗೆಗೆ ಇಳಿದು, ಅರ್ಧ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಭೌತಶಾಸ್ತ್ರ ಕಲಿತಳು. ಲೇಸರು, ಕನ್ನಡಿಗಳನ್ನು ಜೋಡಿಸಿ ಸ್ವಂತ ಯಂತ್ರ ಕಟ್ಟಿದಳು. ಅಂಥದು ಬೇರೆಲ್ಲೂ ಇರಲಿಲ್ಲ; ಅದನ್ನು ಕಟ್ಟಬಲ್ಲವರೂ ಆಕೆಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಉಳಿದ ಆಯುಷ್ಯವೆಲ್ಲ ಮೆಟ್ಟಿಲ ಮೇಲೆ ಕಳೆಯಿತು. ಮೇಲೆ ಪ್ರೋಟೀನು ತಯಾರಿಸಿ, ಐಸಿನ ಡಬ್ಬಿಯಲ್ಲಿಟ್ಟುಕೊಂಡು, ಅದು ಕೆಡುವ ಮೊದಲು ಕೆಳಗೆ ಓಡುವುದು. ಮಂಡಿ ಸವೆಯಿತು. ಆಕೆಯ ಪ್ರಬಂಧ ಓದಿ ಮೇಲಿನವರು ಇದು ಭೌತಶಾಸ್ತ್ರ ಎಂದರು, ಕೆಳಗಿನವರು ಇದು ಜೀವಶಾಸ್ತ್ರ ಎಂದರು. ಎರಡು ದೋಣಿಯಲ್ಲಿ ಕಾಲಿಟ್ಟವಳು ಎಂದು ನಗುವಾಗ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ಆಸ್ಪತ್ರೆಯಲ್ಲಿ, ಕಡೆಯ ದಿನಗಳಲ್ಲಿ, ಆಕೆ ಮಗಳ ಮುಂಗೈ ಹಿಡಿದುಕೊಂಡಳು.

"ಸಿಕ್ತು ಕಣೇ. ಮೊದಲು ಸರಿಯೋದು ನೀರು. ದಾರದ ಸುತ್ತ ಇರೋ ನೀರು ಜಾಗ ಬಿಡತ್ತೆ, ಆಮೇಲೆ ಮಡಿಕೆ ಬೀಳತ್ತೆ. ನೀರು ತಡ ಮಾಡಿದ್ರೆ ಮಡಿಕೆ ತಪ್ಪತ್ತೆ. ನಾವೆಲ್ಲ ಬರೀ ದಾರಾನೇ ನೋಡ್ತಾ ಕೂತಿದ್ವಿ."

"ಯಾರಿಗಾದ್ರೂ ಹೇಳಿದ್ಯಾ ಅಮ್ಮ?"

"ಮೇಲಿನವರಿಗೂ ಕೆಳಗಿನವರಿಗೂ ಹೇಳಿದೀನಿ, ಇನ್ನೊಂದ್ಸಲ ಅಳೆದು ನೋಡಿ ಅಂತ. ನೋಡ್ತಾರೆ."

ಅಮ್ಮನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಮಗಳು ಹಿಂದೆಂದೂ ಕಂಡಿರಲಿಲ್ಲ. ಮೈ ಮಾತ್ರ ಜ್ವರದಿಂದ ಸುಡುತ್ತಿತ್ತು.

* * *

ಮಗಳು ಎದ್ದು ಹೋಗಿ ಇಬ್ಬರು ಮುಖ್ಯಸ್ಥರ ನಡುವೆ ನಿಂತಳು.

"ಸಾರ್, ಭಾಷಣ ಬೇಡ. ನೀರಿನ ವಿಷಯ ಅಮ್ಮ ನಿಮಗೆ ಹೇಳಿದ್ರಂತಲ್ಲ, ಅದು ಸರಿನಾ?"

"ಹೇಳಿದ್ರು," ಎಂದರು ಮೇಲಿನವರು. "ಅಳೆಯೋ ಕೆಲಸ ಅಲ್ವಾ, ಇವರು ನೋಡಿರ್ತಾರೆ ಅಂದ್ಕೊಂಡೆ."

"ಪ್ರೋಟೀನು ಇವರು ಮಾಡಿಕೊಡ್ಬೇಕಲ್ಲಮ್ಮ," ಎಂದರು ಕೆಳಗಿನವರು. "ಕಳಿಸ್ಲಿಲ್ಲ. ಇವರೇ ಬೇರೆ ಥರ ನೋಡ್ಕೊಂಡ್ರೇನೋ ಅಂತ ನಾನೂ ಬಿಟ್ಟೆ."

"ಈಗ ನೋಡ್ಬಹುದಲ್ವಾ?"

ಕೆಳಗಿನವರು ನೆಲ ನೋಡಿದರು. "ಹೋದ ವಾರ ಯಂತ್ರ ಬಿಚ್ಚಿಸಿಬಿಟ್ವಿ. ಕೋಣೆ ಬೇಕಾಗಿತ್ತು. ಮೇಲಿನವರು ತಗೊಂಡು ಹೋಗ್ತಾರೆ ಅಂತ ಹೊರಗಿಟ್ಟಿದ್ವಿ. ಗುಜರಿಗೆ ಹೋಯ್ತು."

"ನಮಗೆ ಯಾರೂ ಹೇಳ್ಲೇ ಇಲ್ಲ," ಎಂದರು ಮೇಲಿನವರು.

ಹೋದ ವಾರ ಅಮ್ಮ ಬದುಕಿದ್ದಳು.

ಇನ್ನು ಯಾರೂ ಅಳೆಯುವುದಿಲ್ಲ. ಅಮ್ಮ ಗೆದ್ದಳೋ ಸೋತಳೋ ಎಂದು ಈ ಭೂಮಿಯ ಮೇಲೆ ಹೇಳಬಲ್ಲವರು ಒಬ್ಬರೂ ಉಳಿದಿರಲಿಲ್ಲ.

"ಬೇಗ ಮುಗಿಸಿ, ಮುಂದಿನವರು ಹೊರಗೆ ಕಾಯ್ತಿದಾರೆ," ಎಂದು ಚಿತಾಗಾರದ ಕೆಲಸದವನು ಬಾಗಿಲಿಂದ ಹೇಳಿದ.

ಅವಳು ಮೈಕು ತೆಗೆದುಕೊಂಡಳು.

"ಮೊದಲು ಸರಿಯೋದು ನೀರು," ಎಂದಳು. "ಅದನ್ನ ಕಂಡುಹಿಡಿದಿದ್ದು ನಮ್ಮಮ್ಮ. ಅದು ನಿಜ ಅಂತ ಸಾಬೀತಾಗಿದೆ."

ಸಭೆ ಇಬ್ಬರು ಮುಖ್ಯಸ್ಥರ ಕಡೆ ತಿರುಗಿತು. ಮೇಲಿನವರು ಕೆಳಗಿನವರನ್ನು ನೋಡಿದರು, ಕೆಳಗಿನವರು ಮೇಲಿನವರನ್ನು ನೋಡಿದರು. ಮೆಲ್ಲಗೆ ಇಬ್ಬರೂ ಹೌದೆಂದು ತಲೆಯಾಡಿಸತೊಡಗಿದರು. ಅವರನ್ನು ನೋಡಿ ಹಿಂದಿನ ಸಾಲಿನವರು ತಲೆಯಾಡಿಸಿದರು, ಅವರನ್ನು ನೋಡಿ ಅವರ ಹಿಂದಿನವರು, ಕೊನೆಗೆ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಮುಂದಿನ ಶವದ ಕಡೆಯವರೂ.