ಉಡಿಯ ಕೊಬ್ಬರಿ

ನೆರೆಮನೆಯ ಖಾತುನಬಿ ಅದನ್ನು ಮಾತಿಗೆ ಮಾತು ಬಂದು ಹೇಳಿದ್ದಷ್ಟೇ. ಡಂಬಳದಲ್ಲಿ ಗುರುಸಿದ್ದವ್ವನ ಪಡಸಾಲೆಗೆ ಬಂದು, ಅವಳ ಜೊತೆ ಬಿತ್ತನೆಯ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಗುರುಸಿದ್ದವ್ವನ ಮಗಳು ಸ್ನೇಹಾ ಹಿಂದಿನ ಸಂಜೆ ಗದಗಿನಲ್ಲಿ ರೈಲು ಹತ್ತಿದ್ದಳು. ಇಂದು ಮಧ್ಯಾಹ್ನ ಬೆಂಗಳೂರಿನಿಂದ ವಿಮಾನ. ಜರ್ಮನಿಯಲ್ಲಿ ಅವಳದು ಎರಡನೆಯ ವರ್ಷದ ಓದು.

"ಹುಡುಗಿ ಬ್ಯಾಗಿನ್ಯಾಗ ಕೊಬ್ಬರಿ ಗಿಬ್ಬರಿ ಹಾಕಿಲ್ಲಲ್ಲ?" ಎಂದಳು ಖಾತುನಬಿ. "ನಾವು ಮಕ್ಕಾದ ಉಮ್ರಾಕ ಹೋದಾಗ ಖೀರಿಗೆ ಇರಲೆಂತ ಒಯ್ದಿದ್ದೆ. ಒಣಾ ಕೊಬ್ಬರಿ ಎಣ್ಣಿ ಬಿಡತೈತಿ, ಬೆಂಕಿ ಹತ್ತತೈತಿ ಅಂತ ಬ್ಯಾಗ ತಡದು, ಎಲ್ಲಾ ಹರವಿ ನೋಡಿದ್ರವಾ. ನಮ್ಮ ಇನಾಯತ ಅಂತಾನ, ಅಮ್ಮಾ, ಹಜರತರ ಊರಿಗೆ ಹೊಂಟೀಯೋ, ವಿಮಾನ ಸುಡಾಕ ಹೊಂಟೀಯೋ."

ಅವಳು ನಕ್ಕಳು. ಗುರುಸಿದ್ದವ್ವನ ಕೈ ಬುಟ್ಟಿಯಲ್ಲೇ ನಿಂತಿತು.

ಮೊದಲ ವರ್ಷ ಅವಸರದಲ್ಲಿ ಮಗಳಿಗೆ ಉಡಿ ತುಂಬದೆ ಕಳಿಸಿದ್ದಳು. ಆ ಚಳಿಗಾಲ, ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ಊರಿನಲ್ಲಿ, ಸ್ನೇಹಾ ಹಾಸ್ಟೆಲಿನ ಕೋಣೆಯೊಳಗೆ ಒಬ್ಬಳೇ ಜ್ವರ ಬಂದು ಮಲಗಿದ್ದಳು. ಯಾರೋ ಬಾಗಿಲ ಹಿಡಿಕೆಗೆ ಬಿಸಿ ಸೂಪಿನ ಡಬ್ಬಿ ತೂಗುಹಾಕಿ ಹೋಗಿದ್ದರಂತೆ. "ಒಳಗ ಬಂದು ಹಣಿ ಮುಟ್ಟಿ ನೋಡಲಿಲ್ಲೇನ?" ಎಂದು ಗುರುಸಿದ್ದವ್ವ ಫೋನಿನಲ್ಲಿ ಕೇಳಿದ್ದಳು. ಇಲ್ಲಿ ಹಂಗ ಬರೂದಿಲ್ಲಬೇ, ಎಂದಿದ್ದಳು ಸ್ನೇಹಾ. ಆ ಜ್ವರದಲ್ಲಿ ಒಂದು ಪರೀಕ್ಷೆ ತಪ್ಪಿಹೋಯಿತು. ಅದು ನಾಳೆ ಬೆಳಗ್ಗೆ ಮತ್ತೆ ಇದೆ. ಅದೇ ಕೊನೆಯ ಅವಕಾಶ. ಇಂದಿನ ವಿಮಾನ ತಪ್ಪಿದರೆ ಓದು ಅಲ್ಲಿಗೇ ಮುಗಿದಂತೆ.

ಅದಕ್ಕೇ ಈ ಸಲ ಉಡಿ ತುಂಬಲೇಬೇಕು ಎಂದು ಹಟ ಹಿಡಿದಿದ್ದಳು. ಸ್ನೇಹಾ ಒಪ್ಪಲಿಲ್ಲ. "ಗಂಡನ ಮನಿಗೆ ಕಳಸಾಕತ್ತೀಯೇನಬೇ? ಬ್ಯಾಗ ತೂಕ ಆಗತೈತಿ, ಬ್ಯಾಡ." ಅವಳು ಜಳಕಕ್ಕೆ ಹೋದಾಗ ಗುರುಸಿದ್ದವ್ವ ಅಕ್ಕಿ, ಉತ್ತತ್ತಿ, ಅರಿಶಿಣ ಬೇರು, ದೊಡ್ಡದೊಂದು ಕೊಬ್ಬರಿ ಬಟ್ಟಲು, ಎಲ್ಲವನ್ನೂ ಹೊಸ ಕುಪ್ಪಸದ ಖಣದಲ್ಲಿ ಗಂಟು ಕಟ್ಟಿ, ಬ್ಯಾಗಿನಲ್ಲಿದ್ದ ಕರಿಯ ಕೋಟಿನ ತೋಳಿನೊಳಗೆ ತುರುಕಿಬಿಟ್ಟಿದ್ದಳು.

ಈಗ ಅದನ್ನು ಹೇಳಿಕೊಳ್ಳಬೇಕಾಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನೆಗೆಣ್ಣಿ ಸಾವಿತ್ರೆವ್ವ ಕೇಳಿಸಿಕೊಂಡು ಅಲ್ಲಿಂದಲೇ ಅಂದಳು: "ನಿನ್ನ ಉಡಿ ಜರ್ಮನಿತನಕ ಯಾಕ ಬೇಕಿತ್ತ, ಯಕ್ಕಾ?"

"ನೀ ಸುಮ್ಮನಿರವಾ. ಫೋನ್ ಹಚ್ಚ ಜಲ್ದಿ," ಎಂದಳು ಖಾತುನಬಿ.

ಫೋನು ಬಂದ್ ಆಗಿತ್ತು. ಮತ್ತೆ ಹಚ್ಚಿದಳು, ಬಂದ್. ಚಾರ್ಜ್ ಉಳಿಯಲೆಂದು ಆರಿಸಿರಬೇಕು. ವಾಟ್ಸಾಪಿನ್ಯಾಗ ದನಿ ತುಂಬಿ ಕಳಿಸು, ಚಾಲೂ ಮಾಡಿದ ಕೂಡಲೇ ಕೇಳತಾಳ, ಎಂದು ಖಾತುನಬಿ ಗುಂಡಿ ಒತ್ತಿ ಹಿಡಿದಳು.

"ಸ್ನೇಹಾ, ನಾ ತಪ್ಪ ಮಾಡೇನವಾ. ಕರೇ ಕೋಟಿನ ತೋಳಾಗ ಉಡಿ ಇಟ್ಟೇನಿ. ಅದರಾಗ ಕೊಬ್ಬರಿ ಐತಿ, ಅದನ್ನ ಬಿಡೂದಿಲ್ಲಂತ. ತಗದ ಬಿಡು. ಬೈಯೂದಿದ್ರ ಆಮ್ಯಾಲೆ ಬೈ."

ಸಂದೇಶ ಹೋಯಿತು. ಮಗಳಿಗೆ ಮುಟ್ಟಿತೆಂದು ತೋರಿಸುವ ಎರಡನೆಯ ಗೀಟು ಬೀಳಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಗುರುಸಿದ್ದವ್ವ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಮೊರಕ್ಕೂ ಹಾಕುತ್ತಿದ್ದಳು. ಖಾತುನಬಿ ಅದನ್ನು ಆರಿಸಿ ಆರಿಸಿ ಬೇರೆ ಮಾಡುತ್ತಿದ್ದಳು. ಪೊಲೀಸರು ಮಗಳನ್ನು ಬದಿಗೆ ಕೂರಿಸಿದ್ದಾರೆ, ಖಣದ ಗಂಟನ್ನು ನಾಲ್ಕು ಮಂದಿಯ ಮುಂದೆ ಬಿಚ್ಚುತ್ತಿದ್ದಾರೆ, ಆಚೆ ವಿಮಾನದ ಬಾಗಿಲು ಮುಚ್ಚುತ್ತಿದೆ. ಗುರುಸಿದ್ದವ್ವನ ಕಣ್ಣ ಮುಂದೆ ಇದೇ ತಿರುಗುತ್ತಿತ್ತು.

ಫೋನು ಬಂದಾಗ ಅದಕ್ಕೆ ಕೈ ಚಾಚುವ ಅವಸರದಲ್ಲಿ ಅವಳು ಮೊರ ಉರುಳಿಸಿದಳು.

"ಬ್ಯಾಗ ಕೊಡೋ ಸಾಲಿನ್ಯಾಗ ನಿಂತಿದ್ದೆ," ಎಂದಳು ಸ್ನೇಹಾ. ದನಿಯಲ್ಲಿ ಸಿಟ್ಟಿತ್ತು. "ನಿನ್ನ ಮಾತ ಕೇಳಿ ಹೊರಗ ಬಂದೆ. ಎಲ್ಲಾ ನೆಲದ ಮ್ಯಾಲ ಹರವೇನಿ. ಮಂದಿ ನೋಡಾಕತ್ತಾರ."

"ಸಿಕ್ತೇನು?"

"ಸಿಕ್ಕೈತಿ."

"ಒಗದ ಬಿಡು."

ಉಡಿಗೆ ಬಿದ್ದದ್ದನ್ನು ಚೆಲ್ಲಬಾರದು, ಇನ್ನೊಬ್ಬರ ಕೈಗೆ ಕೊಡಬಾರದು, ತುಂಬಿಸಿಕೊಂಡವಳೇ ಉಣ್ಣಬೇಕು ಎಂದು ಮಗಳಿಗೆ ಕಲಿಸಿದವಳು ಇವಳೇ.

"ಖರೇನ ಒಗೀಲಿ?"

"ಒಗಿ. ಸಾಲ ಹಿಡಿ. ನಾಳೆ ಪರೀಕ್ಷಾ ಐತಿ."

ಚೈನು ಎಳೆದ ಸದ್ದು, ಗಾಲಿ ಉರುಳಿದ ಸದ್ದು. ಆಮೇಲೆ ಕಟಕ್ ಎಂದು ಏನೋ ಮುರಿಯಿತು.

"ಏನ ಮಾಡಾಕತ್ತೀಯೇ?"

"ಸಾಲಿನ್ಯಾಗ ನಿಂತೇನಿ." ಸ್ನೇಹಾಳ ಬಾಯಿ ತುಂಬಿತ್ತು. "ತಿನ್ನಾಕತ್ತೇನಿ. ಪಾಳಿ ಬರೂದ್ರಾಗ ಮುಗಸ್ತೇನಿ. ಇಷ್ಟ ದೊಡ್ಡ ಬಟ್ಟಲ ಯಾಕ ಹಾಕಿದಿ? ದವಡಿ ಹಿಡಿಯಾಕತ್ತೈತಿ."

"ಸಾವಕಾಶ ತಿನ್ನವಾ."

"ಸಾವಕಾಶ ತಿಂದ್ರ ವಿಮಾನ ಹೋಗತೈತಬೇ."

ಗುರುಸಿದ್ದವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅಗಿಯುವ ಸದ್ದಿನ ಹಿಂದೆ ಯಾವಳೋ ಇಂಗ್ಲಿಷಿನಲ್ಲಿ ಏನೋ ಸಾರುತ್ತಿದ್ದಳು. ಮಗಳ ಜೊತೆ ತನ್ನ ದವಡೆಯೂ ಆಡುತ್ತಿದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಪಾಳಿ ಬಂತು, ಇಡ್ತೇನಿ, ಎಂದು ಸ್ನೇಹಾ ಫೋನಿಟ್ಟಳು.

"ತಿಂದ ಮುಗಿಸಿದ್ಲೇನು?" ಖಾತುನಬಿ ಕೇಳಿದಳು.

"ಗೊತ್ತಾಗಲಿಲ್ಲ."

ಇಬ್ಬರೂ ನೆಲದ ಮೇಲೆ ಚೆಲ್ಲಿದ್ದ ಕಾಳು ಆರಿಸಿದರು. ಅದು ಮುಗಿಯುತ್ತ ಬಂದಾಗ ಫೋನು ಸಣ್ಣಗೆ ಗುಂಯ್‌ಗುಟ್ಟಿತು. ಖಾತುನಬಿ ಓದಿ ಹೇಳಿದಳು: "ಕೊಬ್ಬರಿ ಮುಗೀತು, ಬ್ಯಾಗ ಹೋತು. ಅಕ್ಕಿ ಗಂಟು ಕೋಟಿನ ತೋಳಾಗ ಹಂಗ ಐತಿ, ಅಂತ ಬರದಾಳ."

ಗುರುಸಿದ್ದವ್ವ ಉಸಿರು ಬಿಟ್ಟು ಗೋಡೆಗೆ ಒರಗಿದಳು. ಮರುಗಳಿಗೆಯೇ ನೆಟ್ಟಗೆ ಕುಳಿತಳು.

"ಅಕ್ಕಿಗೆ ಜರ್ಮನಿಯವರು ಏನಾರ ಅಂತಾರೇನ, ಖಾತುನಬಿ?"