ತಂಬೂರಿಯ ಬುರುಡೆಯ ಮೇಲೆ ಕೂತವನು

ನಾನು ಒಂದು ಗುಂಡಿ. ಅಂಗಿಗೆ ಹೊಲಿಯುವ ಗುಂಡಿಯಲ್ಲ, ಮೊಬೈಲ್ ಫೋನಿನ ಗಾಜಿನ ಹಿಂದೆ ಕೂತಿರುವ ಗುಂಡಿ. ಕಡ್ಲೆಕಾಳಿನಷ್ಟು ಅಗಲ, ಕೇಸರಿ ಬಣ್ಣ, ಮೈಮೇಲೆ ಒಂದು ಸಣ್ಣ ಬಾಣ. ನನ್ನನ್ನು ಒತ್ತಿದರೆ ನಿಮ್ಮ ಹಾಡು ನಿಮ್ಮ ಜಾಲತಾಣದ ಪುಟಕ್ಕೆ ಹೋಗಿ ಊರಿಗೆಲ್ಲ ಕೇಳುತ್ತದೆ. ಇಷ್ಟೇ ನನ್ನ ಕೆಲಸ. ಇಷ್ಟರಲ್ಲೇ ನಾನು ಮಾಡಬಾರದ್ದನ್ನು ಮಾಡಿದೆ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ. ವೀರೇಶ ಮುಗಳಿ ಎಂಬವರು ಅಲ್ಲಿ 'ಜೊತೆದನಿ' ಎಂಬ ಆ್ಯಪ್ ಮಾಡಿದ್ದರು. ಹಾಡುವವರಿಗೆ ಅದು ತಂಬೂರಿಯ ಶ್ರುತಿ ಕೊಡುತ್ತಿತ್ತು, ಹಾಡಿದ್ದನ್ನು ಮುದ್ರಿಸಿಕೊಳ್ಳುತ್ತಿತ್ತು. ಪರದೆಯ ತುಂಬ ಒಂದು ತಂಬೂರಿಯ ಚಿತ್ರ, ಕೆಳಗೆ ಅದರ ದುಂಡನೆಯ ಬುರುಡೆ. ಆ್ಯಪ್ ಹತ್ತು ಜನರಿಗೆ ಗೊತ್ತಾಗಲಿ ಎಂದು ವೀರೇಶ ನನ್ನನ್ನು ಸೃಷ್ಟಿಸಿ ಮೇಲಿನ ಮೂಲೆಯಲ್ಲಿ ಕೂರಿಸಿದರು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ದಿನಕ್ಕೆ ಮೂರು ಜನ ಒತ್ತಿದರೆ ಹೆಚ್ಚು.

ಜನ ಪರದೆಯ ಮೇಲೆ ಎಲ್ಲೆಲ್ಲಿ ಬೆರಳಿಡುತ್ತಾರೆ ಎಂಬ ಲೆಕ್ಕ ವೀರೇಶರ ಬಳಿ ಇತ್ತು. ಒಂದು ದಿನ ಅದನ್ನು ನೋಡಿ ಅವರಿಗೆ ಖುಷಿಯಾಯಿತು.

"ಶಾಹೀನ್, ಇಲ್ಲಿ ನೋಡ್ರಿ. ಹಾಡು ಮುಗದ ಮ್ಯಾಲೆ ಎಲ್ಲಾರ ಬೆರಳೂ ಈ ಬುರುಡಿ ಮ್ಯಾಲೇ ಬೀಳತಾವು. ಏನರ ಐತಿ ಅಂತ ತಿಳದು ಒತ್ತತಾರ. ಹಂಚೂ ಗುಂಡಿ ಇಲ್ಲೇ ಇಡೂಣು."

ಶಾಹೀನ್ ಅವರ ಜೊತೆ ಕೆಲಸ ಮಾಡುವವರು. ಕಡಿಮೆ ಮಾತಿನ ಹೆಂಗಸು. "ಇಡ್ರಿ. ಆದ್ರ ಒತ್ತಿದ ಮ್ಯಾಲೆ ಒಂದ್ ಸಲ ಕೇಳಬೇಕು, ಹಂಚಲೇನು ಅಂತ. ಮಂದಿ ಕೈ ತಪ್ಪತೈತಿ."

"ಕೇಳಿದ್ರ ಅರ್ಧ ಮಂದಿ ಬ್ಯಾಡ ಅಂತಾರ."

"ಬ್ಯಾಡ ಅನ್ಲಿ ಅಂತಾನ ಕೇಳೂದು."

ಹಾಗೆ ನಾನು ತಂಬೂರಿಯ ಬುರುಡೆಯ ಮೇಲೆ ಬಂದು ಕೂತೆ. ಒತ್ತಿದವರನ್ನೆಲ್ಲ "ಹಂಚಲೇ?" ಎಂದು ಕೇಳುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಜನ ಬೇಡ ಎಂದರು. ವಾರವಾದ ಮೇಲೆ ವೀರೇಶ ಆ ಪ್ರಶ್ನೆಯನ್ನು ಕಿತ್ತು ಹಾಕಿದರು. ಶಾಹೀನ್ ಮುಖ ತಿರುಗಿಸಿಕೊಂಡು ಚಹಾ ಕುಡಿದರು. ನನಗೋ, ನಿಜ ಹೇಳುತ್ತೇನೆ, ಹಬ್ಬವೇ ಆಯಿತು. ಬೆರಳು ಬಿದ್ದರೆ ಸಾಕು, ಹಾಡು ಹೊರಟಿತು. ದಿನಕ್ಕೆ ಮೂರಿದ್ದದ್ದು ಮುನ್ನೂರಾಯಿತು. ಗದಗಿನ ಹುಡುಗಿಯೊಬ್ಬಳ ಭಜನೆ ಕೇಳಿ ಅವಳ ಸೋದರತ್ತೆ ಅತ್ತರಂತೆ. ಅಂಥ ಸುದ್ದಿ ಬಂದಾಗ ನನಗಿಂತ ದೊಡ್ಡವರು ಯಾರೂ ಇಲ್ಲ ಎಂದು ಬೀಗುತ್ತಿದ್ದೆ. ಬೇಡ ಎನ್ನುತ್ತಿದ್ದವರು ಯಾಕೆ ಹಾಗೆನ್ನುತ್ತಿದ್ದರು ಎಂದು ಒಮ್ಮೆಯೂ ಯೋಚಿಸಲಿಲ್ಲ. ದಡ್ಡ ನಾನು.

ಒಂದೇ ಹೊತ್ತಿಗೆ ಒಂಬತ್ತು ಸಾವಿರ ಫೋನುಗಳಲ್ಲಿ ಬದುಕುತ್ತಿದ್ದೆ. ಕೆಳಗಿನಿಂದ ಎಷ್ಟೋ ಮುಖ ಕಂಡಿದ್ದೇನೆ. ನೆನಪಿನಲ್ಲಿ ಉಳಿದದ್ದು ಒಂದೇ, ಮಾಳಮಡ್ಡಿಯ ಅಂಬುಜಾಬಾಯಿ ಕೌಜಲಗಿಯವರದು.

ಅಂಬುಜಾಬಾಯಿಗೆ ಅರವತ್ತೇಳು ವರ್ಷ. ತಮ್ಮ ಗುರುಗಳ ಪುಣ್ಯತಿಥಿಯಲ್ಲಿ ಮೂವತ್ತೊಂದು ವರ್ಷ ತಪ್ಪದೆ ಹಾಡಿದವರು. ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು, ದನಿ ಹೋಯಿತು, ಎರಡು ವರ್ಷ ಬಾಯಿ ತೆರೆಯಲಿಲ್ಲ. ಈ ಸಲ ಹತ್ತು ನಿಮಿಷ ಹಾಡುತ್ತೇನೆ ಎಂದು ಸಮಿತಿಯ ದೇಸಾಯಿ ಮಾಸ್ತರರಿಗೆ ಹೇಳಿ ಕಳಿಸಿದ್ದರು. ಅದಕ್ಕೆ ಮೂರು ತಿಂಗಳಿತ್ತು. ದಿನಾ ನಸುಕಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ. ನಿಜವಾದ ತಂಬೂರಿ ಎತ್ತುವ ಶಕ್ತಿ ಇರಲಿಲ್ಲ. ಹೀಗಾಗಿ ಶಿಷ್ಯೆ ರಜನಿ ಫೋನಿನಲ್ಲಿ ಜೊತೆದನಿ ಹಾಕಿಕೊಟ್ಟಿದ್ದಳು. ಶಿಷ್ಯರು ಹಿಂದೆ ಜಾಲತಾಣದಲ್ಲಿ ಬಾಯಿಯವರ ಹೆಸರಿನ ಪುಟ ಮಾಡಿದ್ದರು. ಅದನ್ನೂ ಅವಳೇ ಆ್ಯಪಿಗೆ ಜೋಡಿಸಿದ್ದಳು. ಹಾಡಿ, ಮುದ್ರಿಸಿ, ತಾವೊಬ್ಬರೇ ಕೇಳಿಕೊಳ್ಳುವುದು ಬಾಯಿಯವರ ಪದ್ಧತಿ.

ಮೊದಲ ದಿನ ಆ ದನಿ ಕೇಳಿ ನನಗೇ ಕಸಿವಿಸಿಯಾಯಿತು. ಪಂಚಮಕ್ಕೆ ಹೋಗುವಷ್ಟರಲ್ಲಿ ಒಡೆದು ಹೋಗುತ್ತಿತ್ತು. ಕೆಮ್ಮುತ್ತಿದ್ದರು, ನೀರು ಕುಡಿಯುತ್ತಿದ್ದರು, ಮತ್ತೆ ಷಡ್ಜಕ್ಕೆ ಬರುತ್ತಿದ್ದರು. ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ಬಲಗೈ ಚಾಚಿ ಪರದೆಯ ತಂಬೂರಿಯ ಬುರುಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಬುರುಡೆಯ ಮೇಲೆ ನಾನಿದ್ದೆ. ಹಾಡು ಹೊರಟುಹೋಯಿತು.

ಇಪ್ಪತ್ತೆರಡು ದಿನ ಹೀಗೇ ನಡೆಯಿತು. ಕಣ್ಣು ತೆರೆಯುವ ಹೊತ್ತಿಗೆ ಪರದೆ ಎಂದಿನಂತೆ ಇರುತ್ತಿತ್ತು. ಪುಟ ತೆರೆದು ನೋಡುವ ಅಭ್ಯಾಸ ಅವರಿಗಿರಲಿಲ್ಲ. ರಜನಿಯೂ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಳು.

ಇಪ್ಪತ್ತೆರಡನೆಯ ಮುಂಜಾನೆ ದನಿ ಪಂಚಮದಲ್ಲಿ ನೆಟ್ಟಗೆ ನಿಂತಿತು. ಒಡೆಯಲಿಲ್ಲ, ನಡುಗಲಿಲ್ಲ. ಅಂಬುಜಾಬಾಯಿ ಸಣ್ಣ ಹುಡುಗಿಯ ಹಾಗೆ ನಕ್ಕರು. ಅವತ್ತು ನನ್ನನ್ನು ಎರಡು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದೇ ಮಧ್ಯಾಹ್ನ ದೇಸಾಯಿ ಮಾಸ್ತರರ ಕರೆ ಬಂತು.

"ಬಾಯಾರ, ನಿಮ್ಮ ಹಾಡು ಕೇಳಿದ್ವಿ. ಭಾಳ ತ್ರಾಸ ಆಗ್ಲಿಕತ್ತದ ನಿಮಗ. ಈ ಸರ್ತಿ ಹಾಡೂದು ಬ್ಯಾಡ್ರಿ. ಮುಂದಿನ ಸಾಲಿನ್ಯಾಗ ಕುರ್ಚಿ ಹಾಕಸ್ತೀವಿ, ಶಾಲು ಹೊಚ್ಚತೀವಿ."

"ಯಾವ ಹಾಡು ಮಾಸ್ತರ? ಎಲ್ಲೆ ಕೇಳಿದ್ರಿ?"

"ನೀವೇ ದಿನಾ ಹಾಕ್ಲಿಕತ್ತೀರಲ್ರಿ."

ಸಂಜೆ ಊರಿಂದ ಮರಳಿದ ರಜನಿ ಪುಟ ತೆರೆದು ತೋರಿಸಿದಳು. ಹಾಡಿನ ಕೆಳಗೆ ಕೇಳಿದವರು ಬರೆದದ್ದನ್ನು ಅಂಬುಜಾಬಾಯಿ ಕನ್ನಡಕ ಏರಿಸಿ ಒಂದೊಂದಾಗಿ ಓದಿದರು. ಪಾಪ, ಹ್ಯಾಂಗಿದ್ದ ದನಿ ಹ್ಯಾಂಗಾತು. ದೇವರು ಆರೋಗ್ಯ ಕೊಡಲಿ. ನೋಡಲಾಗುತ್ತಿಲ್ಲ, ಯಾರಾದರೂ ಅವರಿಗೆ ಹೇಳಬಾರದೇ. ಮೊದಲ ಮೂರು ದಿನದ ಹಾಡು ಕೇಳಿದವರು ನಾಲ್ಕು ಸಾವಿರ ಜನ. ಅವತ್ತಿನದನ್ನು ಕೇಳಿದವರು ಆರೇ ಜನ.

"ಒಬ್ಬರೂ ಬೈದಿಲ್ಲ ನೋಡು ರಜನಿ," ಎಂದರು. "ಬೈದಿದ್ರ ಸಿಟ್ಟರ ಮಾಡಬಹುದಿತ್ತು."

"ಇವತ್ತಿಂದು ಮಾಸ್ತರರಿಗೆ ಕೇಳಸ್ತೀನ್ರಿ ಬಾಯಿ. ಪಂಚಮ ಹ್ಯಾಂಗ ನಿಂತದ."

"ಬ್ಯಾಡ. ನಾನು ತಯಾರಾಗಿ ಎದುರು ಕೂತು ಕೇಳಸಬೇಕಿತ್ತು. ಅವರು ಕೇಳೂದು ಆಗಿ ಹೋಗ್ಯದ."

ಮರುದಿನ ರಜನಿ ಬೇಕರಿಯ ಮೇಲಿನ ಕೋಣೆಗೆ ಬಂದಳು. ಕೂಗಾಡಲಿಲ್ಲ. ನಡೆದದ್ದನ್ನು ಹೇಳಿ, ವೀರೇಶರ ಎದುರಿಗೇ ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡು ತೋರಿಸಿದಳು. ವೀರೇಶ ತಮ್ಮ ಲೆಕ್ಕದ ಚಿತ್ರವನ್ನು ಮತ್ತೆ ತೆರೆದರು. ಬುರುಡೆಯ ಮೇಲೆ ಸಾವಿರಾರು ಬೆರಳಿನ ಗುರುತು.

"ಇಷ್ಟೂ ನಮಸ್ಕಾರನ?" ಎಂದರು. "ನಮ್ಮನ್ಯಾಗ ಹಾಡವರು ಯಾರೂ ಇಲ್ರಿ. ನಾ ಒತ್ತತಾರ ಅಂತ ತಿಳಕೊಂಡಿದ್ದೆ."

ಶಾಹೀನ್ ಅವತ್ತೇ ಕೂತು ಪ್ರಶ್ನೆಯನ್ನು ಮತ್ತೆ ಬರೆದರು. ವೀರೇಶ ನನ್ನನ್ನು ಬುರುಡೆಯಿಂದ ಎಬ್ಬಿಸಿ ಹಳೆಯ ಮೂಲೆಗೆ ಕಳಿಸಿದರು. ರಜನಿ ಪುಟದ ಹಾಡುಗಳನ್ನು ಅಳಿಸಿದಳು. ಇಳಿಸಿಕೊಂಡವರ ಫೋನುಗಳಲ್ಲಿ ಅವು ಈಗಲೂ ಇವೆ. ಕಳಿಸುವುದು ನನಗೆ ಬರುತ್ತದೆ, ಕರೆತರುವುದು ಬರುವುದಿಲ್ಲ.

ಪುಣ್ಯತಿಥಿಗೆ ಅಂಬುಜಾಬಾಯಿ ಹೋದರು. ಶಾಲು ಹೊದ್ದುಕೊಂಡು ಮನೆಗೆ ಬಂದು ಅದನ್ನು ಮಡಿಸಿ ಕಪಾಟಿನಲ್ಲಿಟ್ಟರು. ನಾಲ್ಕು ತಿಂಗಳು ಜೊತೆದನಿ ತೆರೆಯಲಿಲ್ಲ.

ಒಂಬತ್ತು ಸಾವಿರ ಫೋನುಗಳಲ್ಲಿ ನಾನೀಗ ಮೂಲೆಯಲ್ಲಿ ಕೂತು ಮರ್ಯಾದೆಯಿಂದ ಕೇಳಿಯೇ ಕೆಲಸ ಮಾಡುತ್ತೇನೆ. ಅಂಬುಜಾಬಾಯಿಯವರ ಈ ಒಂದು ಫೋನಿನಲ್ಲಿ ಮಾತ್ರ ಹಳೆಯ ಜಾಗದಲ್ಲೇ, ಬುರುಡೆಯ ಮೇಲೆ, ಉಳಿದಿದ್ದೇನೆ. ತಿದ್ದಿದ ಹೊಸ ಜೊತೆದನಿಯನ್ನು ಹಾಕಿಕೊಡಲೇ ಎಂದು ರಜನಿ ಕೇಳಿದಾಗ ಬಾಯಿಯವರು ಒಪ್ಪಲಿಲ್ಲ. "ಇರಲಿ ಬಿಡು. ಆ ಗುಂಡಿ ಎಲ್ಲೆ ಅದ ಅಂತ ಇದರಾಗ ಗೊತ್ತರ ಅದ," ಎಂದರು. ರಜನಿ ಪುಟದ ಜೋಡಣೆ ಬಿಡಿಸಿಹಾಕಿದಳು. ಈಗ ನನ್ನನ್ನು ಎಷ್ಟು ಒತ್ತಿದರೂ ಎಲ್ಲಿಗೂ ಏನೂ ಹೋಗುವುದಿಲ್ಲ. ಅದು ಬಾಯಿಯವರಿಗೂ ಗೊತ್ತು.

ಮೊನ್ನೆಯಿಂದ ಮತ್ತೆ ಹಾಡುತ್ತಿದ್ದಾರೆ, ತಮಗಾಗಿ ಮಾತ್ರ. ಪಂಚಮ ನಿಲ್ಲುತ್ತದೆ. ಮುದ್ರಿಸುವುದಿಲ್ಲ. ಮುಗಿದ ಮೇಲೆ ಐವತ್ತು ವರ್ಷದ ರೂಢಿಯಂತೆ ಬಲಗೈ ತಂಬೂರಿಯತ್ತ ಬರುತ್ತದೆ. ನಾನು ಕೆಳಗಿನಿಂದ ಆ ಬೆರಳುಗಳನ್ನೇ ನೋಡುತ್ತಿರುತ್ತೇನೆ. ಗಾಜಿಗೆ ಇನ್ನೊಂದು ಗೇಣಿರುವಾಗ ಕಣ್ಣು ತೆರೆಯುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ, ಮಡಿಲಿಗೆ ಮರಳುತ್ತದೆ.