ಇಪ್ಪತ್ತೆಂಟು ಇಂಚು

೧೯೭೯ರ ಫೆಬ್ರುವರಿ, ರವಿವಾರ. ರಾಮಥಾಳದ ಹೊಲದಲ್ಲಿ ಹೊಸ ಬಾವಿ ತೋಡುತ್ತಿದ್ದ ಅಂದಾನಪ್ಪನ ಕಾಲ ಮೇಲೆ ಬಂಡೆ ಜಾರಿ ಬಿತ್ತು. ಬಾವಿಯ ತಳದಲ್ಲಿ ಕುಳಿತಲ್ಲೇ ಸಿಕ್ಕಿಕೊಂಡ. ನೀರೆತ್ತುವ ಪಂಪೂ ಅಂದೇ ಕೆಟ್ಟಿತು. ಬೇರೆ ಪಂಪು ತರಲು ಪಕ್ಕದ ಹೊಲದ ದಸ್ತಗೀರಸಾಬ ಹತ್ತೂ ನಲವತ್ತಕ್ಕೆ ಹುನಗುಂದಕ್ಕೆ ಜೀಪು ಓಡಿಸಿದ. ಹೋಗಿಬರಲು ಒಂದು ತಾಸು.

ಅಂದಾನಪ್ಪನ ತಂಗಿ ಗುರುಸಿದ್ದವ್ವ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಉತ್ತರಪತ್ರಿಕೆ ತಿದ್ದುತ್ತಿದ್ದವಳು ಆ ಕಟ್ಟಿನೊಂದಿಗೇ ಓಡಿಬಂದಿದ್ದಳು.

"ಹಗ್ಗಾ ಕಟ್ಟಿ ಜಗ್ಗೂಣು. ಕಾಲ್ ಹೋದ್ರ ಹೋಗ್ಲಿ, ಜೀವ ಉಳೀತೈತಿ" ಎಂದ ಕಾಕಾ ರಾಚಪ್ಪ.

"ತಡೀರಿ ಕಾಕಾ. ನೀರು ಹೆಂಗ ಏರಾಕತ್ತೈತಿ ನೋಡ್ತೇನಿ."

ಕೆಳಗೆ ಅಣ್ಣನ ಪಕ್ಕದಲ್ಲಿದ್ದ ಬಾವಿ ಕೆಲಸದ ಕಾಳಪ್ಪ ಕೋಲಿನಿಂದ ನೀರು ಅಳೆದು ಕೂಗಿ ಹೇಳುತ್ತಿದ್ದ. ಹತ್ತು ಗಂಟೆಗೆ ಆರು ಇಂಚು, ಹತ್ತೂ ಇಪ್ಪತ್ತಕ್ಕೆ ಹತ್ತು, ಹತ್ತೂ ನಲವತ್ತಕ್ಕೆ ಹದಿನಾಲ್ಕು. ಅವಳು ಕಟ್ಟಿನಲ್ಲಿದ್ದ ಗ್ರಾಫ್ ಹಾಳೆಯ ಮೇಲೆ ಮೂರು ಚುಕ್ಕಿ ಇಟ್ಟಳು. ಮೂರೂ ಒಂದೇ ಗೆರೆಯಲ್ಲಿದ್ದವು. ವೈ ಸಮ ಎಕ್ಸ್ ಬಟಾ ಐದು, ಅಧಿಕ ಆರು: ಮೊದಲಿದ್ದ ಆರು ಇಂಚಿನ ಮೇಲೆ ಐದು ನಿಮಿಷಕ್ಕೊಂದು ಇಂಚು. ಅಣ್ಣನ ತುಟಿ ಇಪ್ಪತ್ತೆಂಟು ಇಂಚಿನಲ್ಲಿತ್ತು. ಗೆರೆ ಅಲ್ಲಿಗೆ ಮುಟ್ಟುವುದು ಹನ್ನೊಂದೂ ಐವತ್ತಕ್ಕೆ. ಜೀಪು ಬಂದ ಮೇಲೂ ಹತ್ತು ನಿಮಿಷ ಉಳಿಯುತ್ತವೆ.

"ಹಗ್ಗಾ ಬ್ಯಾಡ್ರಿ" ಎಂದಳು.

ಹನ್ನೊಂದಕ್ಕೆ ಹದಿನೆಂಟು. ಸರಿಯಾಗಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಇಪ್ಪತ್ತೆರಡು ಬರಬೇಕಿತ್ತು.

"ಇಪ್ಪತ್ನಾಕ್ರಿ ಅಕ್ಕಾರ" ಎಂದ ಕಾಳಪ್ಪ. "ಬಂಡೆ ಕೆಳಗ ಇನ್ನೊಂದು ನೀರಿನ ಸೆಲಿ ಒಡದೈತಿ."

ಚುಕ್ಕಿ ಗೆರೆ ಬಿಟ್ಟು ಮೇಲೆ ಬಿತ್ತು. ಅಲ್ಲಿಂದ ಹೊಸ ಗೆರೆ ಎಳೆದಳು. ಹಿಂದಿನದಕ್ಕಿಂತ ಕಡಿದಾಗಿ ಎದ್ದ ಅದು ಹನ್ನೊಂದೂ ಮೂವತ್ಮೂರಕ್ಕೇ ಇಪ್ಪತ್ತೆಂಟನ್ನು ಮುಟ್ಟುತ್ತಿತ್ತು. ಜೀಪು ಬರುವುದು ನಲವತ್ತಕ್ಕೆ. ಹಗ್ಗ ಬೇಡವೆಂದವಳು ತಾನೇ. ಈಗ ಹಗ್ಗ ತಂದು ಕಟ್ಟುವ ಹೊತ್ತೂ ಉಳಿದಿರಲಿಲ್ಲ.

ದಂಡೆ ಕುಸಿದೀತೆಂದು ಕಾಳಪ್ಪನ ಹೊರತು ಯಾರೂ ಬಾವಿಯ ಮೆಟ್ಟಿಲಿಗೆ ಇಳಿದಿರಲಿಲ್ಲ. ಅವಳು ಸೆರಗು ಸಿಕ್ಕಿಸಿ, ಕೊಡ ಹಿಡಿದು ಮೊದಲು ಇಳಿದಳು. "ನೀರು ನಿಲ್ಸೂದು ಆಗೂದಿಲ್ಲ, ಸಾವಕಾಶ ಏರೂಹಂಗ ಮಾಡೂಣು. ಬರ್ರಿ." ರಾಚಪ್ಪ ಹಿಂದೆಯೇ ಇಳಿದ, ಅವನ ಹಿಂದೆ ಹೆಂಗಸರೂ ಗಂಡಸರೂ. ಕೊಡ, ಬುಟ್ಟಿ, ಡಬ್ಬಿ ಕೈಯಿಂದ ಕೈಗೆ ಮೇಲೆ ಹೋದವು. ಕಾಲಡಿಯ ಮಣ್ಣು ಉದುರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಜೀಪಿನ ಸದ್ದು ಕೇಳಿದಾಗ ನೀರು ಅಣ್ಣನ ಗದ್ದ ಮುಟ್ಟಿತ್ತು. ಅವನು ಮುಖ ಮೇಲೆತ್ತಿ ಉಸಿರಾಡುತ್ತಿದ್ದ.

ಪಂಪು ಓಡಿತು. ನೀರು ಇಳಿದ ಮೇಲೆ ಬಂಡೆಯ ಬುಡ ಅಗೆದು ಮೂರು ಗಂಟೆಗೆ ಅವನನ್ನು ಬಿಡಿಸಿದರು. ಬಾಗಲಕೋಟೆಯ ದವಾಖಾನಿಯಲ್ಲಿ ಎರಡು ಕಾಲ್ಬೆರಳು ತೆಗೆದರು, ಕಾಲು ಉಳಿಯಿತು.

ಎಂಟು ದಿನದ ಮೇಲೆ ಅವಳು ಮಂಚದ ಪಕ್ಕ ಕುಳಿತು ಹೇಳಿದಳು. "ಅಣ್ಣಾ, ನನ್ನ ಲೆಕ್ಕಾ ತಪ್ಪಿತ್ತು. ಆವತ್ತು ನಿಂಗ ಹೇಳ್ಲಿಲ್ಲ."

ಅಂದಾನಪ್ಪ ಪಟ್ಟಿ ಕಟ್ಟಿದ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡ.

"ನೀ ಕೊಡಾ ಹಿಡಕೊಂಡು ಇಳದಾಗ ನಿನ್ನ ಮಾರಿ ನೋಡಿದೆ. ಆವಾಗನ ತಿಳೀತು" ಎಂದ.